ರಸ್ತೆಯಾಚೆಯ ಅಗ್ಗಿಷ್ಟಿಕೆ

ತಾಲೂಕಿನ ಸರ್ಕಾರಿ ಆಸ್ಪತ್ರೆಯ ಕೂಸುಗಳಿಗೆಂದು ಜನರ ತೆರಿಗೆಯಲ್ಲಿ ಕೊಂಡ ನನ್ನನ್ನು ಎದುರಿನ ಖಾಸಗಿ ಆಸ್ಪತ್ರೆಗೆ ಕೊಟ್ಟರು.

ನಾನು ಒಂದು ವಾರ್ಮರ್. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರ. ಮೇಲೆ ಕೆಂಪಗೆ ಕಾಯುವ ಸರಳು, ಕೆಳಗೆ ಮೊರದಷ್ಟಗಲದ ಹಾಸಿಗೆ. ಬೆಂಗಳೂರಿನ ಹೊರವಲಯದ ಕಾರ್ಖಾನೆಯಲ್ಲಿ ಹುಟ್ಟಿ, ಲಾರಿಯಲ್ಲಿ ಈ ನೇಕಾರರ ಊರಿಗೆ ಬಂದೆ.

ಸರ್ಕಾರಿ ವಾರ್ಡಿನ ಗೋಡೆಯ ಸುಣ್ಣ ಉದುರುತ್ತಿತ್ತು. ಆದರೆ ಅಜ್ಜಿಯರು ಕೈ ತೊಳೆದು ಒಳಗೆ ಬರಬಹುದಿತ್ತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಬನಶಂಕ್ರೆವ್ವ ಮೊದಲ ಮೊಮ್ಮಗನನ್ನು ನೋಡಲು ಬಂದವಳು, ನನ್ನನ್ನು ಬಾಣಂತಿ ಕೋಣೆಯ ಕೆಂಡದ ಅಗ್ಗಿಷ್ಟಿಕೆ ಎಂದೇ ತಿಳಿದಳು. ಹೊಗೆ ಹಾಕಲು ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಿಡಿದು, ಕೆಂಡ ಎಲ್ಲಿದೆ ಎಂದು ನನ್ನ ಸುತ್ತ ಹುಡುಕಿದಳು. ನರ್ಸ್ ದಾನಮ್ಮ ಅವಳ ಕೈ ಹಿಡಿದುಕೊಂಡಳು.

"ಯವ್ವಾ, ಇದು ಕರೆಂಟಿನ ಅಗ್ಗಿಷ್ಟಿಗಿ. ಹೊಗಿ ತಿನ್ನಂಗಿಲ್ಲ."

ವಾರ್ಡೆಲ್ಲ ನಕ್ಕಿತು. ಬನಶಂಕ್ರೆವ್ವನೂ ನಗುತ್ತಲೇ ಕೂಸನ್ನು ಮಡಿಲಿಗೆ ಎತ್ತಿಕೊಂಡಳು. ಆ ಹುಡುಗ ಈಗ ಶಾಲೆಗೆ ಹೋಗುತ್ತಾನಂತೆ.

ದಾನಮ್ಮ ನಿವೃತ್ತಳಾದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ರಿಪೇರಿಗೆ ದುಡ್ಡಿಲ್ಲ ಎಂದರು. ಆಮೇಲೆ, ಬಡವರ ಕಾರ್ಡಿಗೆ ಸರ್ಕಾರವೇ ಎದುರಿನವರಿಗೆ ಹಣ ಕಟ್ಟುತ್ತದೆ ಎಂದು ಹೇಳಿ ಕೂಸುಗಳ ವಾರ್ಡಿಗೆ ಬೀಗ ಹಾಕಿದರು. ಅಂದರೆ ದುಡ್ಡಿತ್ತು. ರಸ್ತೆ ದಾಟಿ ಹೋಗುವುದಕ್ಕೆ ಇತ್ತು.

ಈ ಖಾಸಗಿ ಆಸ್ಪತ್ರೆಯಲ್ಲಿ ನೆಲ ಹೊಳೆಯುತ್ತದೆ. ಅಜ್ಜಿಯರು ಗಾಜಿನ ಆಚೆ ನಿಲ್ಲುತ್ತಾರೆ. ಮೈಮೇಲೆ ಕೂಸಿದ್ದರೂ ನನಗೆ ಏನೋ ಖಾಲಿ ಖಾಲಿ. ನೂಲಿನ ಎಳೆ ಅಂಟಿದ ಆ ಕೈಗಳಿಗಾಗಿ ಹಂಬಲಿಸುತ್ತೇನೆ.

ಈ ಸಲ ಬನಶಂಕ್ರೆವ್ವನ ಮೊಮ್ಮಗಳು ನನ್ನ ಮೇಲೆ ಮಲಗಿದ್ದಳು. ಹೆತ್ತವಳು ಸರ್ಕಾರಿ ಆಸ್ಪತ್ರೆಯ ಮಂಚದಲ್ಲೇ ಉಳಿದಿದ್ದಳು. ಅವಳ ಎದೆಹಾಲನ್ನು ಅಜ್ಜಿ ಬಟ್ಟಲಲ್ಲಿ ಹಿಡಿದು, ಸೆರಗು ಮುಚ್ಚಿ, ಆಟೋಗಳ ನಡುವೆ ರಸ್ತೆ ದಾಟಿ ತರುತ್ತಿದ್ದಳು. ಬಟ್ಟಲು ಒಳಗೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ಒಂದೇ ಒಂದು ಸಲ ಎತ್ತಿಕೊಳ್ಳಲು ಬಿಡಿ ಎಂದು ದಿನವೂ ಕೇಳುತ್ತಿದ್ದಳು. ಕೊನೆಗೆ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು.

ಕೂಸಿನ ಮೈ ಇನ್ನೂ ತನ್ನ ಕಾವನ್ನು ತಾನೇ ಹಿಡಿಯುತ್ತಿರಲಿಲ್ಲ. ಅಷ್ಟರಲ್ಲಿ ಕಾರ್ಡಿಗೆ ಸರ್ಕಾರ ಹಣ ಕಟ್ಟುವ ದಿನಗಳು ಮುಗಿದವು. ಮುಂಗಡ ಕಟ್ಟಿ, ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ ಎಂದ ಮ್ಯಾನೇಜರ್. ದಾರಿಯಲ್ಲಿ ಕೂಸು ತಣ್ಣಗಾದರೆ ಎಂದು ಅಜ್ಜಿ ಕೇಳಿದ್ದಕ್ಕೆ, ಚೆನ್ನಾಗಿ ಸುತ್ತಿ ಕೊಡುತ್ತೇವೆ ಎಂದ. ಕಟ್ಟಲು ಅವಳಲ್ಲಿ ಏನೂ ಇರಲಿಲ್ಲ. ಮ್ಯಾನೇಜರ್ ಗಾಜಿನ ಬಾಗಿಲನ್ನು ಮೊದಲ ಬಾರಿಗೆ ಅವಳಿಗೆ ತೆರೆದ.

"ದಿನಾ ಎತ್ಕೊಂತೀನಿ ಅಂತಿದ್ದೆಲ್ಲಬೇ ಯಮ್ಮಾ. ತಗೋ, ಎತ್ಕೊಂಡ್ ನಡಿ."

ಅವಳು ಹತ್ತಿರ ಬಂದಳು. ತೋಳುಗಳು ತಾವಾಗಿಯೇ ಮುಂದೆ ಚಾಚಿದವು. ಕೂಸು ಬಾಯಿ ಚಪ್ಪರಿಸಿತು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಳು.

"ಎತ್ತಂಗಿಲ್ರಿ ಸಾಹೇಬ್ರ. ಇದರ ಮೈ ಕಾವು ಹಿಡಿಯೂತನಾ ನಾ ಎತ್ತಂಗಿಲ್ಲ."