ಸವತಿಗೆ ಸುದ್ದಿ

"ಕೈ ತೆಗಿ, ಗುಂಡಿ ನಾನೇ ಹಾಕ್ತೀನಿ" ಎಂದು ಅತ್ತೆ ತನ್ನ ತಮ್ಮನ ಕೈಯನ್ನು ಪಕ್ಕಕ್ಕೆ ತಳ್ಳಿ, ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಬಿಳಿ ಅಂಗಿ. ಮಗಳು ತಂದುಕೊಟ್ಟದ್ದು. ಹಕ್ಕಿಗಳ ಮಧ್ಯೆ ಬಿಳಿ ತೊಟ್ಟು ಹೋದರೆ ಸಂಜೆಗೆ ಬಿಳಿಯಾಗಿಯೇ ಉಳಿಯುತ್ತದೆಯೇ ಎಂದು ಮಾಮ ಅದನ್ನು ಬೀರುವಿನಿಂದ ಹೊರಗೆ ತೆಗೆದಿರಲೇ ಇಲ್ಲ. ಇವತ್ತು ಹೇಳುವುದಕ್ಕೆ ಬಾಯಿರಲಿಲ್ಲ, ಹಾಕಿಸಿಕೊಂಡು ಸುಮ್ಮನೆ ಮಲಗಿದ್ದ.

ಊರ ನಡುವಿನ ಹಳೇ ತೋಟದ ಹಕ್ಕಿಧಾಮದಲ್ಲಿ ಹಕ್ಕಿಗಳಿಗೆ ಮೇವು ಹಾಕಿಯೇ ಮಾಮ ತಲೆ ನರೆಸಿಕೊಂಡವನು. ಬೀದಿಯ ಮಕ್ಕಳು ಅವನನ್ನು ಹಕ್ಕಿ ಮಾಮ ಅಂದವು, ಅದೇ ಬಾಯಲ್ಲಿ ಅವಳನ್ನು ಹಕ್ಕಿ ಅತ್ತೆ ಅಂದವು. "ನಾನೇನು ಮೊಟ್ಟೆ ಇಡ್ತೀನಾ?" ಎಂದು ಅವಳು ಎಷ್ಟು ಎಗರಾಡಿದರೂ ಹೆಸರು ಅಂಟಿದ್ದು ಅಂಟಿಯೇ ಬಿಟ್ಟಿತು. ಕೊನೆಗೆ ದೊಡ್ಡವರ ಬಾಯಲ್ಲೂ ಅವಳು ಅತ್ತೆಯೇ.

ಕೂದಲು ಬಾಚಿ ಮುಗಿಸುವಷ್ಟರಲ್ಲಿ ತೋಟದ ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ. ಮಾಮನ ಕೈಕೆಳಗೆ ಕೆಲಸ ಕಲಿತವನು, ಅವನನ್ನು ಅಣ್ಣ ಅನ್ನುವವನು. ಟೋಪಿಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದ.

"ಅತ್ತಿಗೆ, ಒಂದು ಮಾತು. ಬೈಬೇಡಿ."

"ಬೈಯೋ ಅಂಥದ್ದಾದ್ರೆ ಬೈತೀನಿ. ಹೇಳು."

"ಗಾಡಿ ಹೆಂಗೂ ತೋಟದ ಮುಂದೇನೇ ಹೋಗುತ್ತೆ. ಅಣ್ಣನ್ನ ಒಂದು ಘಳಿಗೆ ಒಳಗೆ ಕರಕೊಂಡು ಹೋಗೋಣ ಅಂತ. ನಮ್ಮ ಸಾರಸ ಹಕ್ಕಿ ಅಣ್ಣನ್ನ ನೋಡಲಿ."

ತಮ್ಮನೇ ಮೊದಲು ಬಾಯಿ ಬಿಟ್ಟ. "ಏನ್ರೀ ಮೇಸ್ತ್ರಿ, ತಲೆ ಸರಿ ಇದೆಯಾ? ಹಕ್ಕಿಗೆ ಯಾರಾದ್ರೂ ಹೆಣ ತೋರಿಸ್ತಾರಾ?"

"ಅಣ್ಣ ಆಸ್ಪತ್ರೆ ಸೇರಿದಾಗಿಂದ ಅದು ಕಾಳು ಮುಟ್ಟಿಲ್ಲ ಸ್ವಾಮಿ. ಬೆಳಿಗ್ಗೆ ಅಣ್ಣ ಬರೋ ಹೊತ್ತಿಗೆ ಬಾಗಿಲ ಹತ್ರ ಬಂದು ನಿಂತ್ರೆ ಸಂಜೆವರೆಗೂ ಅಲ್ಲೇ. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದ್ರು, ಹಿಂಗೇ ಆದ್ರೆ ಉಳಿಯಲ್ಲ ಅಂದ್ರು. ಜೋಡಿ ಸತ್ತಿದ್ದನ್ನ ಕಣ್ಣಾರೆ ನೋಡಿದ ಹಕ್ಕಿ ಕೂಗಾಡಿ, ಆಮೇಲಾದ್ರೂ ಮೇವು ಮುಟ್ಟುತ್ತೆ. ನೋಡದೇ ಇದ್ದಿದ್ದು ಕಾಯ್ತಾನೇ ಇರುತ್ತೆ. ನಾವು ಕೆಲಸದೋರು ಕಂಡಿರೋದು ಇದು."

"ಜೋಡಿ!" ಅತ್ತೆಯ ಕೈಯಲ್ಲಿನ ಬಾಚಣಿಗೆ ನಿಂತಿತು. "ಯಾರಿಗೆ ಯಾರಪ್ಪ ಜೋಡಿ? ಬದುಕಿದ್ದಷ್ಟು ದಿನ ಇವರನ್ನ ಅದಕ್ಕೇ ಕೊಟ್ಟಾಯ್ತು. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಒಂದೂರು ನೋಡಲಿಲ್ಲ ನಾನು. ಇವತ್ತೊಂದು ದಿನ ಇವರು ನನ್ನೋರು. ಅದರಲ್ಲೂ ಪಾಲು ಕೇಳೋಕೆ ಬಂದಿದ್ದೀಯಾ?"

ಮೇಸ್ತ್ರಿ ತಲೆ ತಗ್ಗಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

*

ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಅತ್ತೆ ಆ ತೋಟಕ್ಕೆ ಹೋಗಿದ್ದಳು. ಯಾವ ಕಾಲದ ದೊರೆ ಯಾರಿಗಾಗಿ ಮಾಡಿಸಿದ್ದೋ, ಕಲ್ಲಿನ ಕೊಳ, ಕಲ್ಲಿನ ಹಾಸು, ಇಬ್ಬರು ಅಪ್ಪಿದರೂ ಕೈಗೆ ಕೈ ಸಿಗದಂಥ ಮರಗಳು. ಮಾಮ ಅದ್ಯಾವುದನ್ನೂ ನಿಂತು ತೋರಿಸಲಿಲ್ಲ. ದರದರನೆ ಸಾರಸದ ಪಂಜರಕ್ಕೇ ಎಳೆದೊಯ್ದ.

ಆ ಹಕ್ಕಿಯದೊಂದು ಕತೆ. ಅಪ್ಪ ಅಮ್ಮ ಬಿಟ್ಟುಹೋದ ಮೊಟ್ಟೆಯಿಂದ ಹೊರಗೆ ಬಂದದ್ದು ಅದು. ಅಂಥ ಮರಿಗೆ ತುತ್ತು ಕೊಡುವವರು ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದ್ದು, ಕೈಗೆ ಸಾರಸದ ಕೊಕ್ಕಿನಂಥ ಚೀಲ ತೊಟ್ಟು, ಉಸಿರು ಬಿಡದಂತೆ ಇರಬೇಕು. ಮನುಷ್ಯರ ದನಿ ಕಿವಿಗೆ ಬಿತ್ತೋ, ಮರಿ ಮನುಷ್ಯರನ್ನೇ ತನ್ನ ಕುಲ ಅಂದುಕೊಳ್ಳುತ್ತದೆ. ಮಾಮ ಬಟ್ಟೆ ಹೊದ್ದ, ಚೀಲ ತೊಟ್ಟ, ಎಲ್ಲ ಸರಿ. ಬಾಯಿ ಮಾತ್ರ ತಡೆಯಲಾಗಲಿಲ್ಲ. ಮರಿ ತಿನ್ನಲೊಲ್ಲದೆ ಕತ್ತು ಜೋಲು ಬಿಟ್ಟಾಗ "ತಿನ್ನೇ ನನ್ನವ್ವ" ಅಂದುಬಿಟ್ಟ. ಮರಿ ತಿಂದಿತು. ಆಮೇಲೆ ಬಾಯಿಗೆ ಬೀಗ ಹಾಕುವವರು ಯಾರು?

ದೊಡ್ಡದಾದ ಮೇಲೆ ಅದರ ಪಂಜರಕ್ಕೆ ಗಂಡು ಸಾರಸ ಬಿಟ್ಟರೆ ಕುಕ್ಕಿ ಅಟ್ಟಿತು. ಇನ್ನೊಂದನ್ನು ಬಿಟ್ಟರು, ಅದಕ್ಕೂ ಅದೇ ಗತಿ. ಮಾಮ ಬಂದರೆ ಮಾತ್ರ ರೆಕ್ಕೆ ಬಿಚ್ಚಿ ಕುಣಿಯುತ್ತಿತ್ತು. "ನನ್ನ ಬಾಯಿಂದ ಅದರ ಬಾಳು ಕೆಟ್ಟಿತು. ನಾನೇ ನೋಡ್ಕೋಬೇಕು" ಎಂದು ಅವನು ರಜೆ ಅನ್ನುವುದನ್ನೇ ಮರೆತ.

ಅವತ್ತು ಅತ್ತೆ ತಂತಿಯ ಹತ್ತಿರ ಹೋಗಿದ್ದೇ ತಡ, ಕೊಕ್ಕು ಈಚೆ ಬಂದು ಮುಂಗೈ ಹರಿಯಿತು. ಮಾಮ ನಕ್ಕುಬಿಟ್ಟ. ಕೈ ಹಿಡಿದು ನೋಡುವ ಮೊದಲು ನಕ್ಕದ್ದು ಅವಳಿಗೆ ನುಂಗಲಾಗಲಿಲ್ಲ. "ಮೊದಲೇ ಸವತಿ ಇಟ್ಕೊಂಡು ನನ್ನನ್ಯಾಕೆ ಕಟ್ಕೊಂಡ್ರಿ?" ಎಂದು ಬಂದವಳು ಮತ್ತೆ ಆ ಕಡೆ ಕಾಲು ಹಾಕಲಿಲ್ಲ.

ಸಂಸಾರ ಏನೋ ನಡೆಯಿತು. ಕುಡಿತವಿಲ್ಲ, ಜಗಳವಿಲ್ಲ. ಮಾತೂ ಇಲ್ಲ! ಹಕ್ಕಿಯ ಮುಂದೆ ಬಾಯಿ ತಡೆಯಲಾಗದ ಮನುಷ್ಯ ಮನೆಗೆ ಬಂದರೆ 'ಹ್ಞೂಂ', 'ಉಹ್ಞೂಂ', ಮತ್ತೆ ಊಟ. ಅವಳು ಎದುರಿಗೆ ಕೂತು ದಿನದ ಸುದ್ದಿಯೆಲ್ಲ ಹೇಳುವಳು. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಎಷ್ಟೋ ಸಲ ಅತ್ತಿದ್ದಳು.

*

"ಅಮ್ಮ, ಎತ್ತೋಣ್ವಾ? ಗಾಡಿ ಬಂತು" ಎಂದಳು ಮಗಳು. ಆಮೇಲೆ ಮೆಲ್ಲಗೆ, "ಮೇಸ್ತ್ರಿ ಇನ್ನೂ ಮೆಟ್ಟಿಲ ಮೇಲೇ ಕೂತಿದಾನೆ. ನೀನು ಅಂದಿದ್ದೇ ಸರಿ ಬಿಡು. ಕಾದೂ ಕಾದೂ ಅದೇ ಮರೆಯುತ್ತೆ."

ಕಾದೂ ಕಾದೂ. ಅತ್ತೆ ಮಗಳ ಮುಖವನ್ನೇ ನೋಡಿದಳು.

*

ನಿನ್ನೆ ಬೆಳಿಗ್ಗೆ ಅವಳು ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಹಾಲಿನ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ಬಿಡುತ್ತಿರಲಿಲ್ಲ, ಕರೆದಾಗ ಬನ್ನಿ ಅಂದಿದ್ದರು. ನರ್ಸುಗಳು ಪಾಳಿ ಬದಲಾಯಿಸುವ ಹೊತ್ತು. ಹೋಗುವವಳು ಬರುವವಳು ಹೇಳುತ್ತಾಳೆಂದುಕೊಂಡಳು, ಬಂದವಳು ಹೋದವಳು ಹೇಳಿದ್ದಾಳೆಂದುಕೊಂಡಳು. ಅತ್ತೆಗೆ ಯಾರೂ ಹೇಳಲಿಲ್ಲ. ಹಾಲಿಗೆ ಸಕ್ಕರೆ ಹೆಚ್ಚಾಯಿತೇನೋ, ಕುಡಿಯುತ್ತಾರೋ ಇಲ್ಲವೋ, 'ಉಹ್ಞೂಂ' ಅಂದರೆ ಏನು ಬೈಯಬೇಕು ಎಂದೆಲ್ಲ ಲೆಕ್ಕ ಹಾಕುತ್ತ ಕೂತೇ ಇದ್ದಳು. ಕಡೆಗೆ ನೆಲ ಒರೆಸುವವಳು ಬಂದು "ಕಾಲೆತ್ತಿ ಅಮ್ಮ. ಯಾರಿಗೆ ಕಾಯ್ತಿದೀರಿ?" ಎಂದು ಕೇಳಿ, ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಬಕೆಟ್ಟು ಅಲ್ಲೇ ಬಿಟ್ಟು ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

ಸಾವು ಹೇಗೋ ಸಹಿಸಿಯಾಳು. ಆದರೆ ಸತ್ತವನಿಗೆ ಹಾಲು ಬಿಸಿಯಾಗಿಟ್ಟುಕೊಂಡು ಕೂತಿದ್ದೆನಲ್ಲ ಅನ್ನುವುದನ್ನು ಹೇಗೆ ಸಹಿಸುವುದು?

*

ಅತ್ತೆ ಗೋಡೆ ಹಿಡಿದು ಎದ್ದಳು. "ಮೇಸ್ತ್ರಿ! ಗಾಡಿಯೋನಿಗೆ ಹೇಳು, ತೋಟದ ಹತ್ರ ನಿಲ್ಲಿಸಲಿ."

"ಅಕ್ಕ, ಹೊತ್ತಾಗುತ್ತೆ. ಅಲ್ಲಿ ಸ್ಮಶಾನದಲ್ಲಿ ಕಾಯ್ತಿರ್ತಾರೆ" ಎಂದ ತಮ್ಮ.

"ಕಾಯಲಿ. ಇವರಿಗೇನು ಅವಸರ ಇಲ್ಲ." ಮೂಗು ಒರೆಸಿಕೊಂಡಳು. "ಅದರ ಮೇಲೆ ಮಮಕಾರ ಉಕ್ಕಿ ಬಂದು ಹೇಳ್ತಿಲ್ಲ ಕಣೋ. ಯಾರನ್ನೇ ಆಗಲಿ, ಹೇಳದೆ ಕೂರಿಸಬಾರದು."

ತೋಟದ ಬಾಗಿಲು ಹಳೇ ಕಾಲದ ಕುದುರೆ ಸಾರೋಟಿಗೆ ಮಾಡಿದ್ದು, ಗಾಡಿ ಹಿಡಿಸಲಿಲ್ಲ. ತೋಟದವರೇ ಹೆಗಲು ಕೊಟ್ಟು ಹೊತ್ತರು. ಸುತ್ತಾಡಲು ಬಂದಿದ್ದವರು ದಾರಿ ಬಿಟ್ಟರು. ಕೊಳದಲ್ಲಿ ನೀರಿರಲಿಲ್ಲ. ದೊಡ್ಡ ಮರವೊಂದರ ಕೊಂಬೆಗಳಿಗೆ ಕಬ್ಬಿಣದ ಊರುಗೋಲು ಕೊಟ್ಟಿದ್ದರು. ಎಲ್ಲಕ್ಕೂ ವಯಸ್ಸಾಗಿದೆ ಎಂದುಕೊಂಡಳು ಅತ್ತೆ.

ಸಾರಸ ಪಂಜರದ ಬಾಗಿಲ ಬಳಿಯೇ ನಿಂತಿತ್ತು. ಅವಳಿಗಿಂತ ಎತ್ತರ, ಬೂದುಬಣ್ಣ, ಕೆಂಪು ತಲೆ. ಎದೆಯ ಮೂಳೆ ಎದ್ದು ಕಾಣುತ್ತಿತ್ತು. ಅವಳು ಇಷ್ಟು ವರ್ಷ ಬೈದ ಸೊಕ್ಕಿನ ಸವತಿ ಎಲ್ಲಿ, ಈ ಬಡಕಲು ಮುದುಕಿ ಎಲ್ಲಿ!

ತಂತಿಯ ಪಕ್ಕ ಇಳಿಸಿ ಮೇಸ್ತ್ರಿ ಮುಖದ ಬಟ್ಟೆ ಸರಿಸಿದ. ಹಕ್ಕಿ ಒಂದು ಕಣ್ಣಿನಿಂದ ನೋಡಿತು, ತಲೆ ಹೊರಳಿಸಿ ಇನ್ನೊಂದರಿಂದ ನೋಡಿತು. ಕೊಕ್ಕು ತೂರಿಸಿ ಮಾಮನ ಕೂದಲನ್ನು ಒಂದೊಂದೇ ಎಳೆ ಬಿಡಿಸಿತು. ಬಾಚಿದ್ದೆಲ್ಲ ಕೆದರಿಹೋಯಿತು. ತಮ್ಮ ಮುಂದೆ ಬಂದಾಗ ಅತ್ತೆ ಕೈ ಅಡ್ಡ ಹಿಡಿದಳು.

ಆಮೇಲೆ ಅದು ಕತ್ತೆತ್ತಿ ಕೂಗಿತು. ಕೂಗಿ, ಮಾಮನ ಬಾಯನ್ನೇ ನೋಡುತ್ತ ನಿಂತಿತು.

"ಯಾಕಪ್ಪ ಹಂಗೆ ನೋಡುತ್ತೆ?"

"ಮಾತಿಗೆ ಕಾಯ್ತಿದೆ ಅತ್ತಿಗೆ. ಅಣ್ಣ ದಿನಾ ಬಕೆಟ್ಟು ಕೆಳಗಿಟ್ಟು ಮೊದಲು ಮನೆ ಸುದ್ದಿ ಹೇಳೋರು."

"ಯಾರ ಮನೆ ಸುದ್ದಿ?"

"ನಿಮ್ಮನೇದೇ. ನೀವು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದೆಲ್ಲ. ಪಕ್ಕದ ಮನೆಯೋರ ಜೊತೆ ನೀವು ಆಡಿದ ಜಗಳ, ಮಗಳ ಪರೀಕ್ಷೆ, ನಿಮ್ಮ ಮಂಡಿ ನೋವು. 'ನಮ್ಮನೆಯೋಳು ರಾತ್ರಿಯೆಲ್ಲ ಮಂಡಿ ಹಿಡಕೊಂಡು ಕೂತಿದ್ಲು ಕಣೇ, ನೋಡೋಕಾಗಲ್ಲ' ಅನ್ನೋರು. ನೀವು ಹೇಳಿದ ಹಂಗೇ ಕೈ ಆಡಿಸ್ಕೊಂಡು ಹೇಳೋರು. ನಾವೆಲ್ಲ ಕೆಲಸ ಬಿಟ್ಟು ಕೇಳ್ತಿದ್ವಿ."

ಮಂಡಿ ನೋವೆಂದು ಅವಳು ನರಳಿದಾಗ ಅವನು 'ಹ್ಞೂಂ' ಅಂದಿದ್ದ. ಅಷ್ಟೇ. ಅತ್ತೆಗೆ ಕೋಪ ಬಂತು, ಕಣ್ಣು ಕತ್ತಲಿಡುವಂಥ ಕೋಪ. ಕೇಳಿಸಿಕೊಂಡಿದ್ದನಲ್ಲ, ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದನಲ್ಲ, ನನಗೊಂದು ಮಾತು ಹೇಳಬಾರದಿತ್ತೇ! ಬೆಳಗಿನಿಂದ ಬಾರದ ಅಳು ಈಗ ನುಗ್ಗಿ ಬಂತು. ಮಗಳು ಬಂದು ತಬ್ಬಿಕೊಂಡಳು. ತಮ್ಮ ಆ ಕಡೆ ತಿರುಗಿ ನಿಂತ.

ಹೊರಗೆ ಗಾಡಿಯವನು ಹಾರನ್ ಹೊಡೆದ. ತೋಟದವರು ಮತ್ತೆ ಹೆಗಲು ಕೊಟ್ಟರು. ಹಕ್ಕಿ ತಂತಿಯ ಗುಂಟ ಅವರ ಜೊತೆಯೇ ಮೂಲೆಯವರೆಗೂ ನಡೆದು, ಮುಂದೆ ಹಾದಿಯಿಲ್ಲದೆ ನಿಂತಿತು. ಮತ್ತೆ ಕೂಗಿತು. ಅತ್ತೆ ಮಗಳ ಕೈ ಬಿಡಿಸಿಕೊಂಡಳು.

"ನೀವು ನಡೀರಿ, ಬಂದೆ."

ತಂತಿ ಹಿಡಿದು, ಮಂಡಿಯನ್ನು ಒಂದು ಕೈಯಿಂದ ಅದುಮಿಕೊಂಡು, ಕಲ್ಲು ಹಾಸಿನ ಮೇಲೆ ಮೆಲ್ಲಗೆ ಕೂತಳು.

"ಬಾರೇ ಇಲ್ಲಿ" ಎಂದಳು. "ನಿನ್ನೆ ಬೆಳಿಗ್ಗೆ ನಲ್ಲೀಲಿ ನೀರೇ ಬರಲಿಲ್ಲ ಕಣೇ. ಕೆಳಗಿನ ಮನೆಯೋಳ ಹತ್ರ ಒಂದು ಬಿಂದಿಗೆ ಕೇಳಿದ್ರೆ ಏನಂದ್ಲು ಗೊತ್ತಾ..."

ಹಕ್ಕಿ ಮೂಲೆಯಿಂದ ತಿರುಗಿತು. ಒಂದೊಂದೇ ಹೆಜ್ಜೆ ಇಟ್ಟು ಬಂದು, ಅವಳ ಎದುರಿಗೆ ಉದ್ದನೆಯ ಕಾಲುಗಳನ್ನು ಮಡಚಿ ಕೂತಿತು. ಹಾರನ್ ಇನ್ನೊಮ್ಮೆ ಕೂಗಿತು. ಅತ್ತೆ ಕೈ ಆಡಿಸುತ್ತ ಹೇಳುತ್ತಲೇ ಇದ್ದಳು, ಸುದ್ದಿ ಇನ್ನೂ ಆಸ್ಪತ್ರೆಯ ಹತ್ತಿರವೂ ಬಂದಿರಲಿಲ್ಲ.