ಕೆಳಗಿನಿಂದ ಮೇಲಕ್ಕೆ ಐದು ಮನೆ

ದಾರಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಳೇ ರಸ್ತೆಯ ಐದು ಪುರಾತನ ಮನೆಗಳನ್ನು ಪ್ರವಾಸಿಗರಿಗೆ ತೋರಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಮಾತಿನ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ “ಕೊನೇಲಿ ಕೇಳಿ” ಎಂದು ಗದರಿಬಿಡುತ್ತಿದ್ದಳು. ಸೊಕ್ಕಿನಿಂದಲ್ಲ. ಐದೂ ಮನೆಗಳ ಕಥೆಯನ್ನು ಅವಳು ಮಗ್ಗಿಯ ಹಾಗೆ ಉರು ಹೊಡೆದಿದ್ದಳು. ಏಳೆಂಟ್ಲಿ ಎಷ್ಟು ಅಂದರೆ ಏಳೊಂದ್ಲಿಯಿಂದ ಶುರು ಮಾಡಬೇಕಾದವರ ಪೈಕಿ ಅವಳು.

ಮೇಲಿನ ತುದಿಯಲ್ಲಿ ಹಡಗಿನ ಕಪ್ತಾನನ ಮನೆ, ಆಮೇಲೆ ಗಡಿಯಾರದವನದು, ನ್ಯಾಯಾಧೀಶರದು, ಹಾಡುಗಾರ್ತಿಯದು, ಕಟ್ಟಕಡೆಗೆ ಗೋದಾಮಿನ ಗುಮಾಸ್ತನದು. ಬಸ್ಸು ದಿನಾ ಮೇಲೆ ಇಳಿಸುತ್ತಿತ್ತು, ಕಥೆಯೂ ಇಳಿಜಾರಿನಲ್ಲಿ ಇಳಿಯುತ್ತಿತ್ತು.

ಇವತ್ತು ಮೇಲೆ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದರು. ಬಸ್ಸು ಕೆಳಗೇ ನಿಂತಿತು. ಇಪ್ಪತ್ತು ಪ್ರವಾಸಿಗರ ಜೊತೆ, ಈ ಪ್ರವಾಸ ನಡೆಸುವ ಸಮಿತಿಯ ಅಧ್ಯಕ್ಷೆಯೂ ಇಳಿದರು, ಕಂಕುಳಲ್ಲಿ ಒಂದು ಪೆಟ್ಟಿಗೆ. ಅದರ ತುಂಬ ಕಿವಿಗೆ ಸಿಕ್ಕಿಸಿಕೊಂಡರೆ ತಾನೇ ಕಥೆ ಹೇಳುವ ಯಂತ್ರಗಳು.

“ಇದು ತಪ್ಪು ಹೇಳಲ್ಲ, ಗದರೋದೂ ಇಲ್ಲ” ಎಂದರು ಅಧ್ಯಕ್ಷೆ. “ಇವತ್ತು ನಿಮ್ಮದು ಕೇಳ್ತೀನಿ. ಸರಿ ಕಾಣದಿದ್ರೆ ನಾಳೆಯಿಂದ ಇದೇ.”

ಹಿಂದುಳಿದವರನ್ನು ಒಟ್ಟು ಮಾಡಲು ಬಾವುಟ ಹಿಡಿದು ಕೊನೆಯಲ್ಲಿ ನಡೆಯುವವಳು ದಾರಿಯಕ್ಕನ ನಾದಿನಿ. ಅವಳು ಹತ್ತಿರ ಬಂದು ಪಿಸುಗುಟ್ಟಿದಳು. “ಅತ್ತಿಗೆ, ಇವತ್ತು ಉಲ್ಟಾ ಹೋಗ್ಬೇಕು. ನೆನಪಿದೆ ತಾನೆ?”

“ನಂಗೇ ಹೇಳ್ಕೊಡ್ತೀಯಾ? ನಿನ್ನ ಬಾವುಟ ನೋಡ್ಕೋ.”

ಹಾಗೆಂದು ಸೀರೆ ಸೆರಗು ಬಿಗಿದು, ಎದುರಿಗಿದ್ದ ಮನೆಗೆ ಕೈ ತೋರಿಸಿ, “ಇದು ಮೊದಲನೇ ಮನೆ” ಎಂದಳು. ಅಷ್ಟೇ. ‘ಮೊದಲನೇ’ ಎಂಬ ಮಾತು ಬಾಯಿಗೆ ಬಂದದ್ದೇ ತಡ, ನಾಲಿಗೆ ತನ್ನ ಹಳಿ ಹಿಡಿದು ಓಡಿತು. “ಮೂರು ಹಡಗುಗಳ ಕಳ್ಳರನ್ನು ಒಬ್ಬನೇ ಅಟ್ಟಿದ ಕಪ್ತಾನ ಇಲ್ಲಿದ್ದ. ಶತ್ರುಗಳು ಮನೆಗೇ ನುಗ್ಗಿದಾಗ ಈ ಕಿಟಕಿಯಿಂದ ಹಾರಿ ಪಾರಾದ.”

ನಾದಿನಿಯ ಬಾವುಟ ಅರ್ಧಕ್ಕೆ ಇಳಿಯಿತು. ಅದನ್ನು ನೋಡಿ ದಾರಿಯಕ್ಕನಿಗೆ ಹೊಳೆಯಿತು. ಇದು ಗುಮಾಸ್ತನ ಮನೆ. ಆದರೆ ಅಧ್ಯಕ್ಷೆ ತಲೆಯಾಡಿಸುತ್ತಿದ್ದರು. ನಿಲ್ಲಿಸಿದರೆ ಸಿಕ್ಕಿಬಿದ್ದ ಹಾಗೆ.

ಅಷ್ಟರಲ್ಲಿ ಮನೆಯೊಡತಿ ಹೊಲಿಗೆ ಟೀಚರ್ ಬಾಗಿಲಿಗೆ ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು. ಹನ್ನೊಂದು ವರ್ಷದಿಂದ ತನ್ನ ಮುತ್ತಜ್ಜ ಹೊಟ್ಟೆನೋವಿನಿಂದ ನರಳುತ್ತ ಮೂಟೆ ಎಣಿಸಿದ್ದನ್ನೇ ಕೇಳಿದವಳು. ಕಣ್ಣು ಅರಳಿಸಿ ಕಿಟಕಿಯತ್ತ ನೋಡಿದಳು.

“ಹೌದು, ಇದೇ ಕಿಟಕಿ” ಎಂದಳು. “ಮಂಡಿಗೆ ಪೆಟ್ಟಾಗಿತ್ತು, ಪಾಪ.”

ದಾರಿಯಕ್ಕನಿಗೆ ಬೆನ್ನಲ್ಲಿ ಬೆವರು, ಹೊಟ್ಟೆಯೊಳಗೆ ನಗು. ಮುಂದಿನದು ಹಾಡುಗಾರ್ತಿಯ ಮನೆ. ಅಲ್ಲಿ ಗಡಿಯಾರದವನ ಕಥೆ ಹೇಳಿದಳು. ಪುಣ್ಯಕ್ಕೆ ಬಾಗಿಲಿಗೆ ಬೀಗ ಹಾಕಿತ್ತು. ಮೂರನೆಯದು ಎತ್ತ ಕಡೆಯಿಂದ ಬಂದರೂ ಮೂರನೆಯದೇ. ನ್ಯಾಯಾಧೀಶರ ಮೆಟ್ಟಿಲ ಮೇಲೆ ಅವಳು ಮನಸಾರೆ ಉಸಿರೆಳೆದುಕೊಂಡಳು. ನಾಲ್ಕನೆಯ ಮನೆಯಲ್ಲಿ ದಪ್ಪ ಮೀಸೆಯ ಗಡಿಯಾರ ರಿಪೇರಿಯವನಿದ್ದ. “ಊರಿಗೇ ಮತ್ತು ಹಿಡಿಸಿದ ಹಾಡುಗಾರ್ತಿಯ ವಂಶ ಇದು” ಎಂದಳು. ಪ್ರವಾಸಿಗರು ಒಂದು ಹಾಡು ಹೇಳಿ ಎಂದು ದುಂಬಾಲು ಬಿದ್ದರು. ಅವನು ಕಣ್ಣು ಕಣ್ಣು ಬಿಟ್ಟ, ಮೀಸೆ ತೀಡಿದ, ಆಮೇಲೆ ಹಾಡಿಯೇಬಿಟ್ಟ. ಗೋಡೆಯ ಗಡಿಯಾರಗಳೆಲ್ಲ ಅದೇ ಹೊತ್ತಿಗೆ ಹನ್ನೆರಡು ಬಾರಿಸಿದವು. ನಾದಿನಿ ಬಾವುಟದಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಸಿದಳು.

ಉಳಿದದ್ದು ಕಪ್ತಾನನ ಮನೆ. ಈಗ ಅಲ್ಲಿ ಇರುವುದು ಕಪ್ತಾನನ ಮರಿಮಗ, ಹಲ್ಲಿನ ಡಾಕ್ಟರು. ದಾರಿಯಕ್ಕ ಧ್ವನಿ ತಗ್ಗಿಸಿಯೇ ಹೇಳಿದಳು. “ಇದು ಐದನೇ ಮನೆ. ನಲವತ್ತು ವರ್ಷ ಮೂಟೆ ಎಣಿಸಿ, ಅಜೀರ್ಣದಿಂದ ತೀರಿಕೊಂಡ ಗುಮಾಸ್ತ...”

ಬಾಗಿಲು ದಡಾರನೆ ತೆರೆಯಿತು. ಡಾಕ್ಟರು ಇಕ್ಕಳ ಹಿಡಿದೇ ಹೊರಗೆ ಬಂದರು, ಹಿಂದೆಯೇ ಬಾಯಲ್ಲಿ ಹತ್ತಿ ಕಚ್ಚಿಕೊಂಡ ರೋಗಿ.

“ಯಾರ್ರೀ ಗುಮಾಸ್ತ? ಯಾರ ಮುತ್ತಜ್ಜನಿಗ್ರೀ ಅಜೀರ್ಣ?”

ಇನ್ನು ಮುಚ್ಚಿಟ್ಟು ಫಲವಿಲ್ಲ. ದಾರಿಯಕ್ಕ ಅಧ್ಯಕ್ಷೆಯ ಕಡೆ ತಿರುಗಿದಳು. “ನಾಲ್ಕು ಮನೆ ಕಥೆ ಅದಲುಬದಲು ಹೇಳಿದೆ ಮೇಡಂ. ಮೊದಲ ಮನೇಲೇ ಗೊತ್ತಾಯ್ತು. ಕೆಲಸ ಹೋಗುತ್ತೇಂತ ಬಾಯ್ಬಿಡಲಿಲ್ಲ.”

ಅಧ್ಯಕ್ಷೆ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ಕೆಳಗಿನಿಂದ ಏದುಸಿರು ಬಿಡುತ್ತ ಹೊಲಿಗೆ ಟೀಚರ್ ಬಂದಳು. ಸಿಕ್ಕ ಕಪ್ತಾನನನ್ನು ಬಿಟ್ಟುಕೊಡಬಾರದೆಂದು ಇಡೀ ರಸ್ತೆ ಹತ್ತಿದ್ದಳು.

“ನಮ್ಮ ಕಪ್ತಾನನ್ನ ವಾಪಸ್ ಕೊಡಿ” ಎಂದರು ಡಾಕ್ಟರು.

“ಕೊಡಲ್ಲ. ಹನ್ನೊಂದು ವರ್ಷ ಹೊಟ್ಟೆನೋವು ನಮ್ಮನೇಲಿತ್ತು. ಒಂದು ದಿನ ನಿಮ್ಮನೇಲಿರಲಿ.”

“ಅವರು ಹಾರಿದ್ದು ನಮ್ಮ ಕಿಟಕಿಯಿಂದ.”

“ನಿಮ್ಮ ಕಿಟಕೀಲಿ ಬೆಕ್ಕೂ ತೂರಲ್ಲ. ಯಾವ ಗಂಡಸು ಹಾರ್ತಾನೆ?”

ಡಾಕ್ಟರಿಗೆ ಪಿತ್ತ ನೆತ್ತಿಗೇರಿತು. “ಹಾರಿದ್ದಲ್ಲ ಕಣ್ರೀ, ನಮ್ಮ ಮುತ್ತಜ್ಜಿ ತಳ್ಳಿದ್ದು. ಅದಕ್ಕೇ ತೂರಿದ್ದು.”

ರೋಗಿಯ ಬಾಯಿಂದ ಹತ್ತಿ ಕೆಳಗೆ ಬಿತ್ತು. ಆಮೇಲೆ ಎದ್ದ ನಗೆಗೆ ಅಗೆತದವರು ಗುಂಡಿಯಿಂದ ತಲೆ ಎತ್ತಿ ನೋಡಿದರು. ಡಾಕ್ಟರೂ ಒಂದು ಕ್ಷಣ ಹಲ್ಲು ಕಡಿದು, ತಡೆಯಲಾರದೆ ನಕ್ಕರು. “ಯಾಕೆ ತಳ್ಳಿದ್ರು?” ಎಂದು ಇಪ್ಪತ್ತು ಬಾಯಿಗಳು ಒಟ್ಟಿಗೆ ಕೇಳಿದವು. ಡಾಕ್ಟರು ಮೆಟ್ಟಿಲ ಮೇಲೆ ಕೂತು, ಇಕ್ಕಳ ಆಡಿಸುತ್ತ ಅರ್ಧ ಗಂಟೆ ಹೇಳಿದರು.

ಅಧ್ಯಕ್ಷೆ ಕಣ್ಣೊರೆಸಿಕೊಂಡರು. “ಇದು ನಿಮಗೆ ಗೊತ್ತಿತ್ತಾ?”

“ಇಲ್ಲ” ಎಂದಳು ದಾರಿಯಕ್ಕ. “ಒಂದು ದಿನವೂ ಅವರನ್ನ ಕೇಳಿರಲಿಲ್ಲ.”

“ಪೆಟ್ಟಿಗೆ ವಾಪಸ್ ಕಳಿಸ್ತೀನಿ. ನಾಳೆ ಮತ್ತೆ ಉರು ಹೊಡೆದದ್ದನ್ನ ಒಪ್ಪಿಸಿದ್ರೆ ನಿಮ್ಮನ್ನೂ ಕಳಿಸ್ತೀನಿ.”

ದಾರಿಯಕ್ಕನಿಗೆ ಚುರ್ರೆಂದು ಸಿಟ್ಟು ಬಂತು. ಅದನ್ನು ನುಂಗಿ ಸರಸರನೆ ಇಳಿಜಾರು ಇಳಿದಳು. ಪ್ರವಾಸಿಗರು, ಡಾಕ್ಟರು, ಟೀಚರು, ಬಾಯಿ ಊದಿದ ರೋಗಿ, ಎಲ್ಲರೂ ದಡಬಡ ಅವಳ ಹಿಂದೆ. ಈಗ ನಾದಿನಿಯೇ ಮುಂದೋಡಿದಳು, ಬಾವುಟ ಬೀಸುತ್ತ.

ದಾರಿಯಕ್ಕ ಗಡಿಯಾರದವನ ಬಾಗಿಲು ತಟ್ಟಿದಳು. ಮೀಸೆ ಹೊರಗೆ ಬಂತು.

“ಮತ್ತೆ ಹಾಡಬೇಕಾ?”

“ಬೇಡಪ್ಪ. ನಿಮ್ಮಜ್ಜ ಹೇಗಿದ್ದ, ಹೇಳು” ಎಂದು ಅವಳು ಹೊಸ್ತಿಲ ಪಕ್ಕ ಕೂತಳು. “ನಿಧಾನಕ್ಕೆ ಹೇಳು. ನಾನು ನಡುವೆ ನಡುವೆ ಪ್ರಶ್ನೆ ಕೇಳ್ತೀನಿ.”