ಇಬ್ಬರು ಓದಿದ ನಂಬರು

ಆ ಊರಿಗೆ ಅಣ್ಣ ತಂಗಿ ಬಂದದ್ದು ಒಂದೇ ಒಂದು ಎಂಜಿನ್ನಿಗಾಗಿ. ಗೂಡ್ಸ್ ಗಾಡಿ ಎಳೆಯುವ, ಮುಂಭಾಗ ಚಪ್ಪಟೆಯಾಗಿದ್ದ ಹಳೇ ಡೀಸೆಲ್ ಎಂಜಿನ್‌ಗಳ ಸಾಲಿನದು ಅದು. ಐನೂರ ಒಂದರಿಂದ ಐನೂರ ನಲವತ್ತೊಂದರವರೆಗೆ ನಂಬರು. ರೈಲಿನ ಹುಚ್ಚು ಹಿಡಿದವರ ನಡುವೆ ಅವಕ್ಕೆ ಮೊಂಡುಮೂಗು ಎಂದು ಹೆಸರು. ಇಪ್ಪತ್ತನಾಲ್ಕು ವರ್ಷ ಊರೂರು ಅಲೆದು ಅಣ್ಣ ನಲವತ್ತನ್ನು ನೋಡಿ ಮುಗಿಸಿದ್ದ. ಉಳಿದದ್ದು ಐನೂರ ಹದಿನೇಳು. ಇನ್ನೂ ಓಡುತ್ತಿದ್ದ ಮೂರು ಮೊಂಡುಮೂಗುಗಳೂ ಈ ಊರಿನ ಯಾರ್ಡಿನಲ್ಲೇ ಇದ್ದವು. ತಿಂಗಳು ಮುಗಿದರೆ ಅವೂ ಗುಜರಿಗೆ.

ಅಣ್ಣ ಔಷಧಿ ಅಂಗಡಿ ನಡೆಸಿದವನು. ಮೊಣಕಾಲು ನೋವು ಎಂದು ಹೇಳಿ ಎರಡು ವರ್ಷದ ಹಿಂದೆ ಅಂಗಡಿಯನ್ನು ಬೇರೆಯವರಿಗೆ ವಹಿಸಿದ್ದ. ತಂಗಿ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಅಳತೆ ಕಲಿಸುವವಳು. ಮೊದಲ ಪ್ರವಾಸದಲ್ಲೇ ಅವಳು ಒಂದು ಕಟ್ಟುಪಾಡು ಹಾಕಿದ್ದಳು: ಇಬ್ಬರೂ ಓದಿದ ನಂಬರು ಮಾತ್ರ ನೋಟ್‌ಬುಕ್ಕಿಗೆ. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ಆ ಎಂಜಿನ್ ಬರಲೇ ಇಲ್ಲವೆಂದು ಲೆಕ್ಕ. ಅಣ್ಣ ಕೂಗುತ್ತಿದ್ದ, ಅವಳು ಹೂಂ ಎಂದು ಬರೆಯುತ್ತಿದ್ದಳು. "ಒಬ್ಬ ಸಾಕ್ಷಿ, ಇನ್ನೊಬ್ಬಳು ಜಡ್ಜು. ಕಳ್ಳ ಮಾತ್ರ ಯಾವತ್ತೂ ಸಿಗಲ್ಲ" ಎಂದು ಅತ್ತಿಗೆ ನಗುತ್ತಿದ್ದಳು.

ಹೊಸ ಊರಿಗೆ ಹೋದರೆ ಮೊದಲು ಆಟದ ರೈಲಿನ ಅಂಗಡಿ ಹುಡುಕುವುದು ಅವರ ಪದ್ಧತಿ. ರೈಲು ನೋಡಲು ಎಲ್ಲಿ ನಿಲ್ಲಬೇಕೆಂದು ಸ್ಟೇಷನ್ನಿನವರಿಗಿಂತ ಆ ಅಂಗಡಿಯವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿಯ ಅಂಗಡಿ ಗಡಿಯಾರ ರಿಪೇರಿಯವನ ಮಳಿಗೆಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಒಂದೇ ಕೋಣೆ. ಗೋಡೆಗೆ ಗಾಜಿನ ಬೀರುಗಳು, ನಡುವಿನ ಮೇಜಿನ ಮೇಲೆ ಬೆರಳಗಲದ ಹಳಿ. ಅಂಗಡಿಯಾಕೆ ಎಪ್ಪತ್ತರ ಹೆಂಗಸು. ಇಕ್ಕಳದಲ್ಲಿ ಪುಟಾಣಿ ಗಾಲಿ ಹಿಡಿದುಕೊಂಡೇ ಮಾತಾಡಿದಳು.

"ಮೊಂಡುಮೂಗು ನೋಡೋಕ್ ಬಂದ್ರಾ? ಈ ವಾರ ನೀವು ಆರನೆಯವರು. ಸಾಯೋ ಹೊತ್ತಿಗೆ ನೆಂಟರು ಜಾಸ್ತಿ."

"ಬದುಕಿದ್ದಾಗ್ಲೂ ಊರೂರು ಹುಡ್ಕಿದ್ವಿ, ಅದೇ ಮನೇಲಿರ್ಲಿಲ್ಲ" ಎಂದ ಅಣ್ಣ.

ಅವಳು ಬಾಯ್ತುಂಬ ನಕ್ಕು ದಾರಿ ಹೇಳಿದಳು. "ಸ್ಟೇಷನ್ನಿಗೆ ಹೋಗ್ಬೇಡಿ, ಬರೀ ಕಂಬಗಳ ಅಡ್ಡ. ಸಿಮೆಂಟ್ ಗೋದಾಮಿನ ಪಕ್ಕ ಒಂದು ಹಳೇ ಫುಟ್‌ಬ್ರಿಡ್ಜ್ ಇದೆ, ಅದರ ಮೇಲೆ ನಿಲ್ಲಿ. ಮೂರು ಗಂಟೆ ಮೇಲೆ ಬಿಸಿಲು ನಿಮ್ಮ ಬೆನ್ನಿಗೆ ಬೀಳುತ್ತೆ. ಅಲ್ಲಿ ತಿರುವು, ಗಾಡಿ ಆಮೆ ಥರ ಬರುತ್ತೆ. ಕನ್ನಡಕ ಮನೇಲಿ ಮರ್ತೋರೂ ನಂಬರ್ ಓದ್ಬಹುದು."

ಅಣ್ಣ ಬೀರುವಿನಿಂದ ಅಂಗೈಯಗಲದ ಒಂದು ಮೊಂಡುಮೂಗನ್ನು ಎತ್ತಿಕೊಂಡು ಕತ್ತು ಓರೆ ಮಾಡಿ ನೋಡಿದ. "ಕೆಲಸ ಅಂದ್ರೆ ಇದು! ನಂಬರ್ ಎಷ್ಟು ನೀಟಾಗಿ ಬರ್ದಿದಾರೆ."

"ನಂಬರ್ರಾ? ಇನ್ನೂ ಅಂಟಿಸಿಲ್ಲ ಸಾರ್. ಹಾಳೆ ಡಬ್ಬಿಯೊಳಗೇ ಇದೆ. ನಿಮಗೆ ಬೇಕಾದ್ದು ಅಂಟಿಸ್ಕೊಳ್ಳಿ."

"ಅದಕ್ಕೇ ಹೇಳಿದ್ದು, ನೀಟಾಗಿದೆ ಅಂತ" ಎಂದು ಅವನು ನಕ್ಕ. ಅಂಗಡಿಯಾಕೆಯೂ ನಕ್ಕಳು. ಇದು ಅಣ್ಣನ ಹಳೇ ಚಾಳಿ ಎಂದುಕೊಂಡ ತಂಗಿಯೂ ನಕ್ಕಳು.

ಅಂಗಡಿಯಾಕೆ ಹೇಳಿದ ಜಾಗ ಅಪ್ಪಟ ಚಿನ್ನ. ಬೆನ್ನಿಗೆ ಬಿಸಿಲು, ಕೆಳಗೆ ಎರಡು ಜೋಡಿ ಹಳಿ, ಎಡಕ್ಕೆ ಗೋದಾಮಿನ ಉದ್ದನೆಯ ಗೋಡೆ, ಎದುರಿಗೆ ತಿರುವು. ನೋಟಕ್ಕೆ ಅಡ್ಡ ಬರಲು ಒಂದು ಗಿಡವೂ ಇರಲಿಲ್ಲ. ಮೂರೂವರೆಗೆ ಸಿಗ್ನಲ್ ಹಸಿರಾಯಿತು. ಇದೊಂದನ್ನಾದರೂ ಕಣ್ತುಂಬ ನೋಡಬೇಕೆಂದು ತಂಗಿ ಈ ಬಾರಿ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದಳು.

ತಿರುವಿನಲ್ಲಿ ಚಪ್ಪಟೆ ಮೂತಿ ಕಾಣಿಸಿತು.

"ಐನೂರ ಹದಿನೇಳು!" ಅಣ್ಣ ಕಂಬಿ ಗುದ್ದಿ ಕೂಗಿದ. "ಬಂತು ಪುಟ್ಟಿ, ಬಂತು! ಐನೂರ ಹದಿನೇಳು!"

ಎಂಜಿನ್ನಿನ ಪಕ್ಕೆಯಲ್ಲಿ, ಬಿಳಿ ಬಣ್ಣದಲ್ಲಿ, ಮೊಳದುದ್ದದ ಅಂಕೆಗಳಲ್ಲಿ ಐನೂರ ಮೂವತ್ತಮೂರು ಎಂದಿತ್ತು.

ತಂಗಿಯ ಗಂಟಲಲ್ಲಿ ಹೂಂ ಎನ್ನುವುದು ಅಭ್ಯಾಸಬಲದಿಂದ ಬಂದು ನಿಂತಿತು. ಗಾಡಿ ಸೇತುವೆಯ ಕೆಳಗೆ ನುಸುಳಿತು, ವ್ಯಾಗನ್‌ಗಳು ಒಂದೊಂದಾಗಿ ದಾಟಿದವು. ಅಣ್ಣ ಅವಳ ಕಡೆ ತಿರುಗಿ ಕಾದಿದ್ದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ಅವಳು ಈಚೆಗೆ ಕಂಡಿರಲಿಲ್ಲ. ಒಂದು ಹೂಂ ಸಾಕಿತ್ತು. ನಲವತ್ತೊಂದೂ ಮುಗಿಯುತ್ತಿತ್ತು.

"ಅಲ್ಲ ಅಣ್ಣ" ಎಂದಳು.

"ಏನಲ್ಲ?"

"ಹದಿನೇಳಲ್ಲ. ಮೂವತ್ತಮೂರು."

"ಅದನ್ನ ನಾವು ಆ ಸಕ್ಕರೆ ಕಾರ್ಖಾನೆ ಊರಲ್ಲೇ ನೋಡಿದೀವಲ್ಲ" ಎಂದ, ತೀರಾ ಮೆಲ್ಲಗೆ.

"ನಿಂಗೆ ಹದಿನೇಳು ಅಂತ ಹೇಗೆ ಕಾಣಿಸ್ತು?"

"ಕಾಣಿಸ್ಲಿಲ್ಲ. ಬೆಳಿಗ್ಗೆ ಯಾರ್ಡಿಗೆ ಫೋನ್ ಮಾಡಿ ಕೇಳ್ಕೊಂಡೆ. ಇವತ್ತು ಮೂರೂವರೆ ಪಾಳಿ ಹದಿನೇಳರದ್ದು ಅಂದ್ರು. ಬದಲಾಯಿಸಿದಾರೆ ಅಂತ ಕಾಣುತ್ತೆ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಕಣ್ಣಿನ ನಡುಭಾಗ ಸವೆದುಹೋಗಿದೆ, ಡಾಕ್ಟರು ಔಷಧಿ ಇಲ್ಲ ಎಂದಿದ್ದಾರೆ. ಪಕ್ಕದ್ದು ಮಸುಕಾಗಿ ಕಾಣುತ್ತದೆ, ಆದ್ದರಿಂದ ನಡೆದಾಡಲು ತೊಂದರೆಯಿಲ್ಲ. ಆದರೆ ಯಾವುದನ್ನು ನೇರವಾಗಿ ನೋಡುತ್ತಾನೋ ಅದೇ ಮಾಯ. ಅಂಗಡಿಯಲ್ಲಿ ಒಂದು ದಿನ ಮಾತ್ರೆಯ ಹೆಸರು ಓದಲಾಗದೆ ಪಕ್ಕದ ಡಬ್ಬಿಯದನ್ನು ಕೊಡುವುದರಲ್ಲಿದ್ದ. ಕೊಂಡವರೇ ನೋಡಿ ಹೇಳಿದರು. ಮಾರನೆಯ ದಿನದಿಂದ ಮೊಣಕಾಲು ನೋವು ಶುರುವಾಯಿತು.

"ಅತ್ತಿಗೆಗೆ?"

"ಅವಳಿಗೆ ಮೊಣಕಾಲೇ."

"ಎಷ್ಟು ದಿನದಿಂದ ನಂಬರ್ ಫೋನಲ್ಲಿ ಕೇಳ್ಕೊಂಡು ಕೂಗ್ತಿದೀಯ?"

"ಮೂರು ವರ್ಷ. ನೀನು ಓದ್ತೀಯಲ್ಲ, ತಪ್ಪಾದ್ರೆ ಹಿಡೀತೀಯ ಅನ್ಕೊಂಡಿದ್ದೆ. ನೀನು ಪ್ರತಿ ಸಲ ಹೂಂ ಅಂದೆ. ಆಗ ಸರಿಯಾಗೇ ಇತ್ತು ಅಂತ ನಂಬಿದೆ ಪುಟ್ಟಿ. ದೇವರಾಣೆ, ನಂಬಿದೆ."

ತಂಗಿ ಕಂಬಿಯನ್ನು ಹಿಡಿದು ನಿಂತಳು. ಒಬ್ಬ ಅಳತೆ ಓದುವಾಗ ಇನ್ನೊಬ್ಬನಿಗೆ ಅದು ಕೇಳಿಸಕೂಡದು, ಕೇಳಿಸಿದರೆ ಎರಡನೆಯವನು ಉಪಕರಣವನ್ನಲ್ಲ, ಮೊದಲಿನವನ ಬಾಯನ್ನು ಓದುತ್ತಾನೆ ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳಿಕೊಡುವವಳು ಅವಳೇ. ಅಣ್ಣ ಕೂಗಿದಾಗಲೆಲ್ಲ ಅವಳ ತಲೆ ನೋಟ್‌ಬುಕ್ಕಿನಲ್ಲಿರುತ್ತಿತ್ತು. ಅವನ ದನಿಯನ್ನು ಬರೆದುಕೊಂಡು, ಹೂಂ ಎಂದು, ಆಮೇಲೆ ತಲೆಯೆತ್ತಿ ಕೊನೆಯ ವ್ಯಾಗನ್ನನ್ನು ನೋಡುತ್ತಿದ್ದಳು. ಎಂಜಿನ್ ಅಷ್ಟರಲ್ಲಿ ದಾಟಿರುತ್ತಿತ್ತು. ಮೂರು ವರ್ಷ, ಒಂದು ನಂಬರನ್ನೂ ಇಬ್ಬರಲ್ಲಿ ಯಾರೂ ಓದಿರಲಿಲ್ಲ. ಎದುರಿಗಿದ್ದವನ ಕಣ್ಣು ಹೋಗುತ್ತಿದ್ದುದನ್ನೂ ಅವಳು ಓದಿರಲಿಲ್ಲ.

"ನಾನೂ ನೋಡ್ತಿರ್ಲಿಲ್ಲ ಅಣ್ಣ. ನಿನ್ನ ನಂಬಿ ಬರೀತಿದ್ದೆ."

"ಸರಿಯಾಗಿ ಸಿಕ್ಕಿದ್ವಿ ಇಬ್ರೂ" ಎಂದು ನಗಲು ಹೋದವನ ದನಿ ಅರ್ಧಕ್ಕೇ ಒಡೆಯಿತು. "ಮೂರು ವರ್ಷದ್ದು ಹೊಡೆದು ಹಾಕು. ಎಷ್ಟು ಉಳಿಯುತ್ತೆ ಮೊಂಡುಮೂಗು?"

ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ಹಾಳೆ ತಿರುವಿ ಅಡ್ಡಗೆರೆ ಎಳೆಯುತ್ತ ಹೋದಳು. ನಾಲ್ಕು ಹೋದವು.

"ಮೂವತ್ತಾರು."

"ಮೂವತ್ತಾರೂ ಕಡಿಮೆಯೇನಲ್ಲ" ಎಂದ. ಆದರೆ ಹೊರಡೋಣ ಎನ್ನಲಿಲ್ಲ. ಹದಿನೇಳು ಈ ಪಾಳಿಯಲ್ಲಿ ಬಾರದಿದ್ದರೆ ಮುಂದಿನದರಲ್ಲಿ ಬಂದೀತು ಎಂಬ ಆಸೆ ಇಬ್ಬರಿಗೂ ಇತ್ತು.

ನಾಲ್ಕೂಕಾಲಿಗೆ ಅದು ಬಂತು, ಖಾಲಿ ವ್ಯಾಗನ್‌ಗಳನ್ನು ಎಳೆದುಕೊಂಡು. ಅಣ್ಣ ಏನೂ ಕೂಗಲಿಲ್ಲ. ತಂಗಿ ಮೊದಲು ತಾನೇ ಓದಿದಳು, ಒಂದೊಂದೇ ಅಂಕೆ: ಐದು, ಒಂದು, ಏಳು. ಮತ್ತೊಮ್ಮೆ ಓದಿದಳು.

"ಅದೇನಾ?"

"ಅದೇ ಅಣ್ಣ. ಹದಿನೇಳು."

"ಬರೀಬೇಡ."

"ಬರೀತಿಲ್ಲ."

ಎಂಜಿನ್ ಸೇತುವೆಯನ್ನು ಸಮೀಪಿಸುತ್ತಿದ್ದಂತೆ ಅಣ್ಣ ಥಟ್ಟನೆ ಎಡಕ್ಕೆ ಹೊರಳಿ ಗೋದಾಮಿನ ಗೋಡೆಗೆ ಮುಖ ಮಾಡಿ ನಿಂತ. ಅಳುತ್ತಿದ್ದಾನೆಂದುಕೊಂಡು ತಂಗಿ ಅವನ ತೋಳು ಹಿಡಿದಳು. ಅವನು ಅಲುಗಲಿಲ್ಲ. ರೆಪ್ಪೆ ಮಿಟುಕಿಸದೆ, ಆ ಬೋಳು ಗೋಡೆಯನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದ. ನೇರ ನೋಡಿದರೆ ಎಂಜಿನ್ ಮಾಯವಾಗುತ್ತಿತ್ತು. ಹಾಗಾಗಿ ಅದನ್ನು ಕಣ್ಣಂಚಿಗೆ ಬಿಟ್ಟುಕೊಂಡಿದ್ದ.

"ಕೆಳಗೆ ಹಳದಿ ಪಟ್ಟಿ ಇದೆಯಾ, ಪುಟ್ಟಿ?"

"ಇದೆ."

"ಕಂಡ ಹಾಗಾಯ್ತು" ಎಂದ. ಕೊನೆಯ ವ್ಯಾಗನ್ ದಾಟಿ, ಹಳಿಗಳ ಸದ್ದು ನಿಂತ ಮೇಲೂ ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ.